ರೆಕಾರ್ಡ್‌ಗೆ ಸಹಿ ಬಿತ್ತು, ಕೋಡ್ ಯಾರೂ ಓದಲಿಲ್ಲ

ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಇಂಟರ್ನ್‌ಶಿಪ್ ಮುಗಿಸಿ ಬೆಂಗಳೂರಿನಿಂದ ವಾಪಸ್ ಬಂದವರಲ್ಲಿ ಹಲವರು ಒಂದೇ ಮಾತು ಹೇಳುತ್ತಾರೆ: ಕಾಲೇಜಿನ ಓದೆಲ್ಲ ದಂಡ. ಈ ಹುಡುಗನೂ ಹಾಗೇ ಶುರು ಮಾಡಿದ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಯಾದಗಿರಿ ಕಡೆಯ ಹಳ್ಳಿ. ಮನೆಯಲ್ಲಿ ತೊಗರಿ ಬೆಳೆಯುತ್ತಾರೆ. ಕಂಪ್ಯೂಟರ್ ಸೈನ್ಸ್, ಕೊನೆಯ ವರ್ಷ, ಎರಡು ಪೇಪರ್ ಬಾಕಿ: ಆಪರೇಟಿಂಗ್ ಸಿಸ್ಟಮ್ ಮತ್ತು ಗಣಿತ. ನಾಲ್ಕು ತಿಂಗಳು ಇಂಟರ್ನ್ ಆಗಿದ್ದ ಚಿಕ್ಕ ಕಂಪನಿ ಅವನನ್ನು ಕೆಲಸಕ್ಕೆ ಕರೆದಿತ್ತು. ಪರೀಕ್ಷೆ ಬಿಟ್ಟು ಹೊರಡುತ್ತೇನೆ ಅಂದ. ಅಪ್ಪ ಮಾತು ಬಿಟ್ಟಿದ್ದರು.

ಎರಡನೇ ಭೇಟಿಯಲ್ಲಿ ನಾನು ವಾದಕ್ಕೆ ಹೋಗಲಿಲ್ಲ. "ಅಲ್ಲಿ ನಿನಗೆ ತುಂಬಾ ಖುಷಿ ಕೊಟ್ಟ ಒಂದು ದಿನದ ಬಗ್ಗೆ ಹೇಳು" ಅಂದೆ.

ಡೇಟಾಬೇಸಿನಲ್ಲಿ ಗ್ರಾಹಕರ ಹೆಸರು ಹುಡುಕುವ ಒಂದು ಕ್ವೆರಿ, ಅಂದರೆ ಹುಡುಕಾಟದ ಆದೇಶ, ಬರೆದಿದ್ದನಂತೆ. ಅವನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಈ ಕೋಡ್ ನೋಡಿ ಸೇರಿಸಿಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಕಳಿಸಿದಾಗ ಸೀನಿಯರ್ ಒಬ್ಬರು ಆ ಸಾಲಿನ ಕೆಳಗೇ ಬರೆದರು: ಹುಡುಕುವ ಪದದ ಶುರುವಿನಲ್ಲೇ ಶೇಕಡಾ ಚಿಹ್ನೆ (ಇಲ್ಲಿ ಯಾವ ಅಕ್ಷರ ಇದ್ದರೂ ಸರಿ ಅಂತ ಅರ್ಥ) ಇಟ್ಟಿದ್ದೀಯ, ಬೇಗ ಹುಡುಕಲು ಮಾಡಿಟ್ಟ ಇಂಡೆಕ್ಸ್ ಇದ್ದರೂ ಉಪಯೋಗಕ್ಕೆ ಬರಲ್ಲ, ಇಡೀ ಟೇಬಲ್ ಓದಬೇಕಾಗುತ್ತೆ. ನನಗೆ ತಲೆಬುಡ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ: "ಡಿಕ್ಷನರಿಯಾಗ ಮೊದಲನೇ ಅಕ್ಷರ ಗೊತ್ತಿದ್ರ ಪದ ಲಗೂನ ಸಿಗ್ತದರಿ ಮೇಡಂ. ಕೊನೀ ಅಕ್ಷರ ಅಷ್ಟೇ ಗೊತ್ತಿದ್ರ ಎಲ್ಲಾ ಪುಟ ತಿರುವಬೇಕು."

"ಇದು ಕಾಲೇಜಿನಲ್ಲಿ ಇರಲಿಲ್ವಾ?"

"ಇಂಡೆಕ್ಸ್ ಹೆಂಗ ಜೋಡಿಸಿರ್ತಾರಂತ ತೋರಿಸೋ ಬಿ ಪ್ಲಸ್ ಟ್ರೀ ಇತ್ತರಿ. ಚಿತ್ರ ತೆಗೆದು ಹತ್ತು ಮಾರ್ಕ್ಸ್ ತಗೊಂಡೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ನಾಕು ವರ್ಷದಾಗ ನನ್ನ ಕೋಡ್ ಯಾರೂ ಓದಿಲ್ಲರಿ. ಔಟ್‌ಪುಟ್ ಬಂತಾ ಅಂತ ನೋಡಿ ಲ್ಯಾಬ್ ರೆಕಾರ್ಡ್ ಪುಸ್ತಕಕ್ಕ ಸಹಿ ಹಾಕ್ತಿದ್ರು."

ಆ ಮಾತು ಇನ್ನೂ ನನ್ನನ್ನು ಕಾಡುತ್ತಿದೆ. ಪಾಠ ಕಾಲೇಜಿನಲ್ಲೇ ಇತ್ತು. ತಪ್ಪು ಬರೆದಾಗ ಪಕ್ಕದಲ್ಲಿ ಕೂತು ಯಾಕೆ ತಪ್ಪು ಅಂತ ಹೇಳುವವರು ಮಾತ್ರ ಸಿಕ್ಕಿರಲಿಲ್ಲ. ಲ್ಯಾಬ್ ತುಂಬಾ ಮಕ್ಕಳಿಗೆ ಒಬ್ಬರೇ ಮೇಷ್ಟ್ರಾದರೆ ಅವರು ತಾನೇ ಏನು ಮಾಡಿಯಾರು?

ನಾನು ಹೇಳಿದ್ದು ಇಷ್ಟು. ಎರಡೂ ಪೇಪರ್ ಮುಗಿಸು. ಸೇರುವ ದಿನ ಮುಂದೆ ಹಾಕಿ ಅಂತ ಕಂಪನಿಗೆ ಮೇಲ್ ಮಾಡು. ಆಪರೇಟಿಂಗ್ ಸಿಸ್ಟಮ್ ಓದುವಾಗ ಆಫೀಸಿನಲ್ಲಿ ಕಂಡ ತೊಂದರೆ ಪಕ್ಕದಲ್ಲಿಟ್ಟುಕೊಂಡು ಓದು. ಎರಡು ಪ್ರೋಗ್ರಾಮ್ ಒಂದಕ್ಕೊಂದು ಕಾಯುತ್ತಾ ಸಿಕ್ಕಿಹಾಕಿಕೊಂಡದ್ದನ್ನು ನೋಡಿದ್ದರೆ ಡೆಡ್‌ಲಾಕ್ ಬಾಯಿಪಾಠ ಮಾಡಬೇಕಾಗಿಲ್ಲ. ಮುಖ್ಯವಾಗಿ, ಒಬ್ಬ ಗೆಳೆಯನನ್ನು ಹಿಡಿ. ವಾರಕ್ಕೊಮ್ಮೆ ಅವನ ಕೋಡ್ ನೀನು ಓದು, ನಿನ್ನದು ಅವನು ಓದಲಿ.

ಕೈಗೆ ಬಂದ ಕೆಲಸ ಬಿಡಿಸಿದಿರಿ ಅಂತ ಪರಿಚಯದವರೊಬ್ಬರು ನನ್ನ ಮೇಲೆ ರೇಗಿದರು. ನಾನು ಬಿಡಿಸಲಿಲ್ಲ, ಸ್ವಲ್ಪ ತಡಮಾಡು ಅಂದೆ. ಚಿಕ್ಕ ಕಂಪನಿ ನಾಳೆ ಮುಚ್ಚಿದರೆ ಈ ಮನೆಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಓದಿನಲ್ಲೂ ಸರ್ಕಾರಿ ಕೆಲಸದಲ್ಲೂ 371(ಜೆ) ವಿಧಿಯ ಮೀಸಲಾತಿ ಬಂದಿದೆ. ಆದರೆ ಡಿಗ್ರಿ ಇಲ್ಲದವನು ಡಿಗ್ರಿ ಕೇಳುವ ಸರ್ಕಾರಿ ಹುದ್ದೆಗೆ ಅರ್ಜಿಯನ್ನೇ ಹಾಕುವ ಹಾಗಿಲ್ಲ. ಆ ಬಾಗಿಲನ್ನು ಇಪ್ಪತ್ತೆರಡನೇ ವಯಸ್ಸಿಗೇ ಮುಚ್ಚಿಕೋ ಅಂತ ನಾನು ಹೇಳಲಾರೆ.

ಕಂಪನಿ ಎರಡು ತಿಂಗಳು ಕಾಯಲು ಒಪ್ಪಿತು. ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿ ಬರೆದೆ ಅಂದ. ಗಣಿತದ ಪೇಪರ್ ಮುಂದಿನ ವಾರ. ಅಪ್ಪ ಫೋನ್ ಮಾಡಿದ್ದರಂತೆ, ಊಟ ಆಯ್ತಾ ಅಂತ ಕೇಳಿ ಇಟ್ಟರಂತೆ.