18 ತುಂಬಿದ ಮೇಲೆ ನಾನು ಎಲ್ಲಿಗೆ ಹೋಗಲಿ?

ಪ್ರಶ್ನೆ: ಮೇಡಂ, ಆರನೇ ಕ್ಲಾಸಿನಿಂದ ಬಾಲಮಂದಿರದಲ್ಲಿ ಇದ್ದೇನೆ. ಈಗ ಸೆಕೆಂಡ್ ಪಿಯುಸಿ, ಕಾಮರ್ಸ್. ಇನ್ನು ನಾಲ್ಕು ತಿಂಗಳಿಗೆ 18 ತುಂಬುತ್ತದೆ. "ಆಮೇಲೆ ಇಲ್ಲಿ ಇರೋ ಹಾಗಿಲ್ಲ, ನಿಮ್ಮ ದೊಡ್ಡಮ್ಮನ ಮನೆಗೆ ಹೋಗು" ಎನ್ನುತ್ತಾರೆ. ದೊಡ್ಡಮ್ಮ ಇಷ್ಟು ವರ್ಷದಲ್ಲಿ ನೋಡಲು ಬಂದಿದ್ದು ಎರಡೇ ಸಲ. ಅಲ್ಲಿಗೆ ಹೋದರೆ ಮದುವೆ ಮಾಡಿಬಿಡುತ್ತಾರೆ ಅಂತ ಭಯ. ನನಗೆ ಬಿ.ಕಾಂ ಓದಬೇಕು.

ಉತ್ತರ: ನೋಡಮ್ಮ, ಅವರು ಹೇಳಿದ್ದರಲ್ಲಿ ಅರ್ಧ ಸರಿ. 18 ಆದ ಮೇಲೆ ಬಾಲಮಂದಿರ ಬಿಡಬೇಕು, ನಿಜ. ಆದರೆ ದೊಡ್ಡಮ್ಮನ ಮನೆಯೇ ಗತಿ ಅನ್ನುವುದು ತಪ್ಪು. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಇರುವುದೇ ನಿನ್ನಂಥವರಿಗೆ. ಕನ್ನಡದಲ್ಲಿ ಅದಕ್ಕೆ ಅನುಪಾಲನೆ ಎನ್ನುತ್ತಾರೆ, ಕಚೇರಿಗಳಲ್ಲಿ ಮಾತ್ರ ಎಲ್ಲರ ಬಾಯಲ್ಲೂ 'ಆಫ್ಟರ್ ಕೇರ್'. 21 ವರ್ಷದವರೆಗೆ, ತೀರಾ ಅಗತ್ಯ ಬಿದ್ದರೆ 23ರವರೆಗೆ, ಉಳಿಯಲು ಜಾಗ, ಓದು, ಕೆಲಸದ ತರಬೇತಿ, ಕೈಗೆ ಸ್ವಲ್ಪ ದುಡ್ಡು ಇದರಡಿ ಸಿಗಬಹುದು. ಆರೆಂಟು ಜನ ಸೇರಿ ಒಂದೇ ಮನೆಯಲ್ಲಿ ಇರುವ ವ್ಯವಸ್ಥೆ ಕೂಡ ನಿಯಮದಲ್ಲಿದೆ. ಕೇಂದ್ರದ ಮಕ್ಕಳ ರಕ್ಷಣೆ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ. ಬೆಂಗಳೂರಲ್ಲಿ ಒಳ್ಳೆಯ ಪಿಜಿಗೂ ಇದು ಸಾಲದು, ಗೊತ್ತು. ನಿಮ್ಮ ಜಿಲ್ಲೆಯಲ್ಲೇ ಹಾಸ್ಟೆಲ್‌ನಲ್ಲಿದ್ದು ಓದುವುದಾದರೆ ಮಾತ್ರ ಇದೊಂದು ಆಧಾರ.

'ಸಿಗಬಹುದು' ಅಂದೆ, ಗಮನಿಸಿದೆಯಾ? ಕಾಯ್ದೆಯಲ್ಲೂ ಹಾಗೇ ಇದೆ, 'ಕೊಡಬಹುದು' ಅಂತ. 'ಕೊಡಲೇಬೇಕು' ಅಂತ ಇಲ್ಲ. ನನ್ನ ಪ್ರಕಾರ ಇದೇ ದೊಡ್ಡ ತೂತು. ಕೇಳಿದವರಿಗಾದರೆ ಸಿಗುವ ಸಾಧ್ಯತೆ ಇದೆ, ಸುಮ್ಮನೆ ಪೆಟ್ಟಿಗೆ ಕಟ್ಟಿಕೊಂಡು ಹೊರಟವರ ಹಿಂದೆ ಯಾರೂ ಓಡಿ ಬರುವುದಿಲ್ಲ. ಹಾಗಾಗಿ ಹುಟ್ಟುಹಬ್ಬಕ್ಕೆ ಮೊದಲೇ, ಅಂದರೆ ಈ ತಿಂಗಳೇ, ಮಕ್ಕಳ ಕಲ್ಯಾಣ ಸಮಿತಿಗೆ ಕೈಬರಹದಲ್ಲಿ ಒಂದು ಅರ್ಜಿ ಬರೆ. ಉದ್ದ ಬೇಡ. ನಾನು ಬಿ.ಕಾಂ ಓದಬೇಕು, ಸಂಬಂಧಿಕರ ಮನೆಗೆ ಹೋಗಲು ಇಷ್ಟವಿಲ್ಲ, ಕಾರಣ ಇದು, ನನಗೆ ಅನುಪಾಲನೆ ಕೊಡಿ, ಅಷ್ಟು ಸಾಕು. ಒಂದು ಪ್ರತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಲಿ. ಇನ್ನೊಂದರ ಮೇಲೆ 'ಸ್ವೀಕರಿಸಿದೆ' ಅಂತ ಸಹಿ, ಸೀಲು ಹಾಕಿಸಿಕೊಂಡು ನಿನ್ನ ಹತ್ತಿರ ಇಟ್ಟುಕೋ. ಆದೇಶ ಮಾಡುವುದು ಸಮಿತಿ, ವಾರ್ಡನ್ ಅಲ್ಲ. ಬಾಯಿಮಾತಿಗೆ ಬೆಲೆ ಇಲ್ಲ. ಅರ್ಜಿ ತೆಗೆದುಕೊಳ್ಳಲ್ಲ ಎಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು, 18 ತುಂಬುವವರೆಗೂ ಆ ನಂಬರ್ ನಿನ್ನದೇ.

ಮದುವೆ ವಿಷಯ. 18 ತುಂಬಿದ ದಿನದಿಂದ ನೀನು ಎಲ್ಲಿ ಇರಬೇಕು ಅನ್ನುವುದು ನಿನ್ನ ನಿರ್ಧಾರ. ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ, ಹಬ್ಬಕ್ಕೆ ಹೋಗಿ ಬಾ. ಉಳಿಯಲು ಹೋಗಬೇಡ.

ಇನ್ನು ಕಾಗದಪತ್ರ. ಬಾಲಮಂದಿರದಲ್ಲಿ ಇರುವಾಗಲೇ ಎಲ್ಲ ಕೈಗೆ ತೆಗೆದುಕೋ: ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ನಿನ್ನನ್ನು ಅಲ್ಲಿಗೆ ಸೇರಿಸಿದ ಸಮಿತಿಯ ಆದೇಶ. ಜಾತಿ, ಆದಾಯ ಪತ್ರ ಇಲ್ಲದೆ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಅರ್ಜಿ ಹಾಕುವುದೇ ಕಷ್ಟ, ಅದಕ್ಕೂ ಈಗಲೇ ಓಡಾಡು. ಹೆಸರು ಎಲ್ಲದರಲ್ಲೂ ಒಂದೇ ಥರ ಇದೆಯಾ ನೋಡು. ಸೇರಿಸುವಾಗ ಯಾರೋ ಅವಸರದಲ್ಲಿ ಬರೆದ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ಇಂಥದ್ದು ತುಂಬಾ ನೋಡಿದ್ದೇನೆ. ಹೊರಗೆ ಬಂದ ಮೇಲೆ ಒಂದು ಇನಿಶಿಯಲ್ ಸರಿಮಾಡಿಸಲು ವರ್ಷ ಹಿಡಿದವರಿದ್ದಾರೆ.

ಪ್ರಶ್ನೆ: ನನಗೆ 20. ಅನಾಥಾಶ್ರಮ ಬಿಟ್ಟು ಎರಡು ವರ್ಷವಾಯಿತು, ಬೆಂಗಳೂರಲ್ಲಿ ಗ್ಯಾರೇಜ್ ಕೆಲಸ. ಚಿಕ್ಕವನಿದ್ದಾಗ ಮಾಡಿದ ಬ್ಯಾಂಕ್ ಅಕೌಂಟ್‌ನಿಂದ ದುಡ್ಡು ತೆಗೆಯಲು ಆಗುತ್ತಿಲ್ಲ. ಬಾಡಿಗೆ ಮನೆಗೆ ಹೋದರೆ "ಅಪ್ಪ ಏನ್ ಮಾಡ್ತಾರೆ" ಅಂತ ಕೇಳುತ್ತಾರೆ. ಹಬ್ಬದ ದಿನ ರೂಮಲ್ಲಿ ಒಬ್ಬನೇ ಇರಲು ಆಗಲ್ಲ.

ಉತ್ತರ: ದುಡ್ಡು ಎಲ್ಲೂ ಹೋಗಿಲ್ಲ. ಮೈನರ್ ಖಾತೆಯನ್ನು 18 ಆದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಧಾರ್, ಪ್ಯಾನ್, ಫೋಟೋ ಹಿಡಿದು ಖಾತೆ ಇರುವ ಬ್ರಾಂಚ್‌ಗೇ ಹೋಗಿ. ಅದೇ ದಿನ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಿ ಬನ್ನಿ. ನಿಮಗಿನ್ನೂ 21 ಆಗಿಲ್ಲ. ಬಿಟ್ಟು ಎರಡು ವರ್ಷವಾಯಿತು ಅಂತ ಹಿಂಜರಿಯಬೇಡಿ, ಮೇಲೆ ಹೇಳಿದ ಅನುಪಾಲನೆಗೆ ಅರ್ಜಿ ಹಾಕಿ.

ಮನೆ ಮಾಲೀಕರಿಗೆ ಬೇಕಿರುವುದು ಅಡ್ವಾನ್ಸ್, ಆಧಾರ್, ಕೆಲಸ ಇದೆ ಅನ್ನುವ ಭರವಸೆ. ಗ್ಯಾರೇಜ್ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. "ಅಪ್ಪ ಇಲ್ಲ ಸಾರ್" ಅಂದರೆ ಮುಗಿಯಿತು, ಎಲ್ಲಿ ಬೆಳೆದಿರಿ ಅನ್ನುವ ಕಥೆಯೆಲ್ಲ ಅವರಿಗೆ ಯಾಕೆ?

ಹಬ್ಬದ ವಿಷಯಕ್ಕೆ ಯಾವ ಫಾರಂ ಇಲ್ಲ. ಐವತ್ತು ಜನರ ಜೊತೆ ಊಟಕ್ಕೆ ಕೂತು ಬೆಳೆದವರು ದೀಪಾವಳಿಗೆ ಖಾಲಿ ರೂಮಲ್ಲಿ ಕೂತರೆ ಹೇಗಿರಬೇಡ. ನಿಮ್ಮ ಬ್ಯಾಚಿನವರು ಬೆಂಗಳೂರಲ್ಲೇ ನಾಲ್ಕೈದು ಜನ ಇದ್ದೇ ಇರುತ್ತಾರೆ, ಹುಡುಕಿ. ಆಗುವುದಾದರೆ ಒಟ್ಟಿಗೇ ಮನೆ ಮಾಡಿ, ಅಡ್ವಾನ್ಸೂ ಹಂಚಿ ಹೋಗುತ್ತದೆ. ಹೀಗೆ ಮಾಡಿದ ಮೂವರು ಹುಡುಗರು ನನಗೆ ಗೊತ್ತು. ಮೊದಲ ತಿಂಗಳು ಸಂಬಳವೆಲ್ಲ ಬಿರಿಯಾನಿಗೆ ಹೋಗಿ ಹತ್ತನೇ ತಾರೀಕಿಗೆ ನನ್ನ ಹತ್ತಿರ ಬಸ್ ಚಾರ್ಜ್ ಕೇಳಿದ್ದರು. ಆಶ್ರಮದಲ್ಲಿ ಸೋಪನ್ನೂ ಯಾರೋ ತಂದುಕೊಡುತ್ತಿದ್ದರು, ದುಡ್ಡು ಲೆಕ್ಕ ಹಾಕುವುದನ್ನು ಯಾವಾಗ ಕಲಿಯಬೇಕಿತ್ತು ಅವರು? ಈಗ ಗೋಡೆ ಮೇಲೆ ಖರ್ಚಿನ ಪಟ್ಟಿ ಅಂಟಿಸಿಕೊಂಡಿದ್ದಾರೆ.

ಪ್ರಶ್ನೆ: ನಾವು ಮೈಸೂರಿನವರು, ನಿವೃತ್ತ ದಂಪತಿ. ಹತ್ತಿರದ ಆಶ್ರಮದ ಹುಡುಗನೊಬ್ಬ ನಮ್ಮನ್ನು ಹಚ್ಚಿಕೊಂಡಿದ್ದಾನೆ, ಮುಂದಿನ ತಿಂಗಳು 18. ಅವನನ್ನು ಫಾಸ್ಟರ್ ಕೇರ್‌ನಲ್ಲಿ ತೆಗೆದುಕೊಳ್ಳಬಹುದಾ?

ಉತ್ತರ: ಫಾಸ್ಟರ್ ಕೇರ್, ಅಂದರೆ ದತ್ತು ತೆಗೆದುಕೊಳ್ಳದೆ ಮಗುವನ್ನು ಮನೆಯಲ್ಲಿಟ್ಟು ಸಾಕುವುದು, 18ರವರೆಗೆ ಮಾತ್ರ, ಹಾಗಾಗಿ ಆ ದಾರಿ ಈಗ ಮುಗಿದಿದೆ. ಆದರೆ ಮುಂದಿನ ತಿಂಗಳಿಂದ ಅವನು ವಯಸ್ಕ, ನಿಮ್ಮ ಮನೆಗೆ ಕರೆಯಲು ಯಾರ ಅನುಮತಿಯೂ ಬೇಡ. ಸರ್ಕಾರದ ಸಹಾಯ ಬಿಟ್ಟುಕೊಡಬೇಡಿ, ಅನುಪಾಲನೆಗೆ ಅವನ ಅರ್ಜಿ ಮೊದಲು ಹೋಗಲಿ. ಅದರ ಮೇಲೆ ನೀವು. ಮನೆಯಲ್ಲೇ ಇಟ್ಟುಕೊಳ್ಳುವ ಮಾತು ಈಗಲೇ ಕೊಡಬೇಡಿ. ಆರು ತಿಂಗಳಿಗೆ ಸಾಕಾಗಿ ಕಳಿಸಿದರೆ ಅವನಿಗೆ ಅದು ಇನ್ನೊಂದು ಸಲ ಮನೆ ತಪ್ಪಿದ ಹಾಗೆ. ಮನೆಗೆಲಸಕ್ಕೆ ಒಂದು ಕೈ ಆಯಿತು ಅನ್ನುವ ಆಸೆ ಮನಸ್ಸಿನ ಮೂಲೆಯಲ್ಲಿದ್ದರೆ ಅದನ್ನೂ ಈಗಲೇ ಬಿಡಿ (ನೀವು ಹಾಗಲ್ಲ, ಆದರೂ ಹೇಳಬೇಕಾಗುತ್ತದೆ). ಕಾಲೇಜು ಅರ್ಜಿಯಲ್ಲಿ, ಆಸ್ಪತ್ರೆ ಚೀಟಿಯಲ್ಲಿ 'ತುರ್ತು ಸಂಪರ್ಕ' ಅಂತ ಒಂದು ಖಾಲಿ ಜಾಗ ಇರುತ್ತದಲ್ಲ, ಅಲ್ಲಿ ನಿಮ್ಮ ನಂಬರ್ ಬರೆಯಲು ಅವನಿಗೆ ಹೇಳಿ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಎತ್ತಿ.