"ಎಷ್ಟು ಅಂತ ಎಣಸ್ಬೇಕೇನ್ರಿ?"

ಅಡುಗೆ ಮಾಡಿಸುತ್ತಾ ಮಕ್ಕಳಿಗೆ ಪಾಠ ಕಲಿಸುವುದು ಒಳ್ಳೆಯ ದಾರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ 2020ರಲ್ಲಿ ಶಾಲೆಗಳು ಮುಚ್ಚಿದಾಗಿನಿಂದ, ಈ ದಾರಿಯಲ್ಲಿ ಹೊರಟ ತಾಯಂದಿರು ಒಂದೇ ಜಾಗದಲ್ಲಿ ಎಡವಿ ಸಲಹೆ ಕೇಳಲು ನನ್ನ ಹತ್ತಿರ ಬರುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಒಂದು ಮನೆಯ ಕಥೆ ಬರೆಯುತ್ತಿದ್ದೇನೆ. ತಾಯಿಯ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಬ್ಬಳ್ಳಿಯ ಮನೆ. ಏಳು ವರ್ಷದ ಹುಡುಗ, ಎರಡನೇ ತರಗತಿ. ಗಣಿತದಲ್ಲಿ ಹಿಂದೆ ಇದ್ದಾನೆ ಅಂತ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು. ತಾಯಿ ಓದಿಕೊಂಡವರು. ಗ್ಯಾಸ್ ಕಟ್ಟೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಮಗನನ್ನು ಅಡುಗೆಮನೆಗೆ ಕರೆದರು. ಗಂಡು ಮಗನನ್ನು ಒಲೆಯ ಹತ್ತಿರ ಕರೆದಿದ್ದನ್ನು ಕೇಳಿಯೇ ನನಗೆ ಖುಷಿಯಾಗಿತ್ತು. ಮೊದಲ ತಿಂಗಳು ಹುಡುಗ ಕುಣಿಯುತ್ತಾ ಬಂದ. ಮೂರನೇ ತಿಂಗಳಿಗೆ ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟ. ತಾಟಿನ ಮುಂದೆ ಕೂತರೆ ಹೊಟ್ಟೆನೋವು ಅನ್ನುತ್ತಿದ್ದ. ಡಾಕ್ಟರ್ ನೋಡಿ, ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದಿದ್ದರು.

ಎರಡನೇ ಭೇಟಿಯ ದಿನ ನಾನು ಒಂದು ಬುಟ್ಟಿ ಶೇಂಗಾ ತಂದಿಟ್ಟಿದ್ದೆ, ಸಿಪ್ಪೆ ಸಮೇತ. "ನನಗ ಸ್ವಲ್ಪ ಸುಲಿದು ಕೊಡ್ತೀಯೇನಪಾ?" ಅಂದೆ. ಹುಡುಗ ಒಂದು ಕಾಯಿ ಕೈಗೆ ತೆಗೆದುಕೊಂಡ. ಸುಲಿಯಲಿಲ್ಲ. ನನ್ನ ಮುಖ ನೋಡಿ ಕೇಳಿದ, "ಎಷ್ಟು ಅಂತ ಎಣಸ್ಬೇಕೇನ್ರಿ?"

"ಬ್ಯಾಡಪಾ, ಸುಮ್ನ ಸುಲಿ. ಸಂಜಿಕ ಹುರಿದು ಚಟ್ನಿ ಮಾಡೂದದ."

ಅವನು ನಂಬಲಿಲ್ಲ. ಒಂದು ಸುಲಿದು ನನ್ನ ಕಡೆ ನೋಡಿದ, ಇನ್ನೊಂದು ಸುಲಿದು ಮತ್ತೆ ನೋಡಿದ. ನಾನು ನನ್ನ ಪಾಡಿಗೆ ಸುಲಿಯುತ್ತಿದ್ದೆ. ಐದಾರು ನಿಮಿಷ ಬರೀ ಸಿಪ್ಪೆ ಒಡೆಯುವ ಸದ್ದು. ಆಮೇಲೆ ಒಮ್ಮೆಲೇ, "ಮೇಡಂ, ಇದರಾಗ ಮೂರು ಅದಾವ್ರಿ!" ಅಂದ. ಅಲ್ಲಿಯ ತನಕ ಒಡೆದಿದ್ದರಲ್ಲಿ ಹೆಚ್ಚಿನವು ಎರಡು ಬೀಜದವು. ಯಾರೂ ಹೇಳದೆ ಅವನೇ ಗುಂಪು ಮಾಡತೊಡಗಿದ. ಒಂದು ಬೀಜ ಸಿಕ್ಕ ಸಿಪ್ಪೆ ಒಂದು ಕಡೆ, ಎರಡರದು ಇನ್ನೊಂದು ಕಡೆ, ಮೂರರದು ಮಡಿಲಲ್ಲಿ. ಮೂರರ ಸಿಪ್ಪೆ ನಾಲ್ಕು ಆಗಿದ್ದವು. ಅವನ ತುಟಿ ಅಲ್ಲಾಡುತ್ತಿತ್ತು.

ಆಗ ಗೋಡೆಯ ಪಕ್ಕ ಕೂತಿದ್ದ ತಾಯಿ ತಡೆಯಲಾರದೆ ಕೇಳಿದರು, "ಹಂಗಾರ ಮೂರ ನಾಕಲೆ ಎಷ್ಟಪಾ?"

ಹುಡುಗನ ಕೈ ಅಲ್ಲೇ ನಿಂತಿತು. ಮಡಿಲಿನ ಸಿಪ್ಪೆಗಳನ್ನು ಬುಟ್ಟಿಗೆ ಸುರಿದು, ಬುಟ್ಟಿಯನ್ನು ನನ್ನ ಕಡೆ ತಳ್ಳಿದ. ತಾಯಿ ಅದನ್ನು ನೋಡಿದರು. ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತರು. ಆ ದಿನ ನಾನು ಹೇಳಬೇಕಾದ್ದು ಹೆಚ್ಚೇನೂ ಉಳಿದಿರಲಿಲ್ಲ.

ಆ ಹುಡುಗ ಲೆಕ್ಕ ಮಾಡುತ್ತಿದ್ದ. ಅದು ಅವನದೇ ಲೆಕ್ಕವಾಗಿತ್ತು. ಕೇಳಿದ ಕೂಡಲೇ ಅದು ಅವ್ವನ ಲೆಕ್ಕವಾಯಿತು, ತಪ್ಪಾಗಬಹುದಾದ ಲೆಕ್ಕವಾಯಿತು. ಶಾಲೆಯಲ್ಲಿ ಪರೀಕ್ಷೆಗೆ ಒಂದು ಹೊತ್ತು ಅಂತ ಇರುತ್ತದೆ. ಈ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಪರೀಕ್ಷೆ, ಅದೂ ಅನ್ನದ ಜೊತೆ. ಹೊಟ್ಟೆ ನೋಯದೆ ಇನ್ನೇನಾಗುತ್ತದೆ?

ನಾನು ಕೊಟ್ಟ ಸಲಹೆ: ಒಂದು ತಿಂಗಳು ಅಡುಗೆಮನೆಯಲ್ಲಿ ಒಂದೂ ಪ್ರಶ್ನೆ ಕೇಳಬೇಡಿ. ನೋಟ್‌ಬುಕ್ ತೆಗೆದಿಡಿ. ಬದಲಿಗೆ ಒಂದು ನಿಜವಾದ ಕೆಲಸ ಕೊಡಿ. ರಾತ್ರಿ ಯಾರಿಗೆ ಎಷ್ಟು ರೊಟ್ಟಿ ಬೇಕು ಅಂತ ಮನೆಯವರನ್ನೆಲ್ಲ ಕೇಳಿ, ಒಟ್ಟು ಹೇಳುವುದು ಅವನ ಜವಾಬ್ದಾರಿ. ಅವನು ಹೇಳಿದಷ್ಟೇ ಬಡಿಯಿರಿ. ತಪ್ಪಿದರೆ ಒಂದು ರೊಟ್ಟಿ ಕಡಿಮೆ ಬೀಳುತ್ತದೆ, ಇಲ್ಲ ಉಳಿಯುತ್ತದೆ. ತಪ್ಪನ್ನು ರೊಟ್ಟಿ ಬುಟ್ಟಿಯೇ ತೋರಿಸಲಿ, ನೀವು ತೋರಿಸಬೇಡಿ.

ವಿಜ್ಞಾನಕ್ಕೂ ಇದೇ ಮಾತು. ಒಂದು ಮುಷ್ಟಿ ಜೋಳದ ಹಿಟ್ಟನ್ನು ತಣ್ಣೀರಲ್ಲಿ ನಾದಿ ಅವನೇ ಬಡಿಯಲಿ. ಅಂಚು ಬಿರಿಯುತ್ತದೆ, ಎತ್ತಿದರೆ ಹರಿಯುತ್ತದೆ. ಇನ್ನೊಂದು ಮುಷ್ಟಿಗೆ ನೀವು ಕುದಿಯುವ ನೀರು ಹಾಕಿ ಕಲಸಿ. ಬಿಸಿನೀರು ದೊಡ್ಡವರ ಕೈಯಲ್ಲೇ ಇರಬೇಕು. ಆರಿದ ಮೇಲೆ ಅವನು ನಾದಲಿ. ಈ ಸಲ ರೊಟ್ಟಿ ನಿಲ್ಲುತ್ತದೆ. ಯಾಕೆ ಅಂತ ಅವನು ಕೇಳಿದರೆ ಮಾತ್ರ ಹೇಳಿ: ಗೋಧಿಯಲ್ಲಿ ಗ್ಲುಟನ್ ಅನ್ನುವ ಅಂಟು ಇದೆ, ಅದಕ್ಕೇ ಚಪಾತಿ ಹಿಟ್ಟಿಗೆ ತಣ್ಣೀರು ಸಾಕು. ಜೋಳದಲ್ಲಿ ಅದಿಲ್ಲ. ಕುದಿನೀರಿಗೆ ಜೋಳದ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿ ಬಿಸಿ ಎಣ್ಣೆಗೆ ಬಿದ್ದರೆ ಎಣ್ಣೆಯೇ ಕೆಂಪಾಗುತ್ತದೆ, ನೀರಿಗೆ ಹಾಕಿದರೆ ಅಷ್ಟು ಬಣ್ಣ ಬಿಡುವುದಿಲ್ಲ. ಅದನ್ನೂ ಅವನೇ ನೋಡಲಿ. ಕೇಳದಿದ್ದರೆ ಬಿಡಿ, ಇನ್ನೊಂದು ದಿನ ಕೇಳುತ್ತಾನೆ.

ಹುಡುಗನ ತಂದೆಗೆ ಇದು ಹಿಡಿಸಲಿಲ್ಲ. "ರೊಕ್ಕಾ ಕೊಟ್ಟು ಬಂದದ್ದು ಏನೂ ಕಲಸಬ್ಯಾಡ್ರಿ ಅನ್ನಿಸ್ಕೊಳ್ಳಾಕೇನ್ರಿ?" ಅಂದರು. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಕೈಗೆ ಬಂದಿದ್ದು ಪುಸ್ತಕಕ್ಕೂ ಬರಬೇಕು, ನಿಜ. ಅದಕ್ಕೆ ಬೇರೆ ಹೊತ್ತಿದೆ. ಸಂತೆಗೆ ಹೋಗುವ ಮುಂಚೆ ಸಾಮಾನಿನ ಪಟ್ಟಿ ಅವನೇ ಬರೆಯಲಿ. ಆಯಿ, ಅಂದರೆ ಅಜ್ಜಿ, ಇನ್ನೂ ಅರ್ಧ ಸೇರು, ಪಾವಶೇರು ಅನ್ನುತ್ತಾರಲ್ಲ, ಆ ಮಾಪು ಹಿಡಿದು ಅವರ ಜೊತೆ ಅಕ್ಕಿ ಅಳೆಯಲಿ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೆಲಸದ ಮೂಲಕ ಕಲಿಕೆ ಅಂತ ನಯೀ ತಾಲೀಮಿನ ಮಾತು ಮುಂದಿಟ್ಟಾಗ, ಮಗು ಮಾಡುವ ಕೆಲಸ ನಾಲ್ಕು ಜನರಿಗೆ ಉಪಯೋಗಕ್ಕೆ ಬರುವ ಕೆಲಸವೇ ಆಗಿರಬೇಕು ಅಂತಿತ್ತು. ಪಾಠಕ್ಕೆ ನೆಪವಾಗಿ ಮಾಡಿಸುವ ಅಡುಗೆ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನಾನು ಈ ವಿಷಯದಲ್ಲಿ ಸ್ವಲ್ಪ ಹಟಮಾರಿಯೇ.

ಒಂದು ಮಾತು ಸೇರಿಸಿದೆ. ಆರು ತಿಂಗಳು ಒತ್ತಡ ಇಲ್ಲದೆಯೂ ಸಂಖ್ಯೆಗಳು ತಲೆಗೆ ಹತ್ತದಿದ್ದರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ಕಲಿಕೆಯ ತೊಂದರೆ ಇದೆಯಾ ಅಂತ ತೋರಿಸಿ.

ಐದು ವಾರ ಬಿಟ್ಟು ತಾಯಿ ಒಬ್ಬರೇ ಬಂದರು. ಗಣಿತದ ಅಂಕ ಹಾಗೇ ಇವೆ. ಹೊಟ್ಟೆನೋವು ನಿಂತಿದೆ. ಹಿಂದಿನ ವಾರ ಒಂದು ರಾತ್ರಿ ರೊಟ್ಟಿ ಕಡಿಮೆ ಬಿದ್ದಿತ್ತಂತೆ. ಎಲ್ಲರ ಊಟ ಮುಗಿಯುತ್ತಾ ಬಂದಾಗ ಅವರು ತಾಟು ಹಾಕಿಕೊಂಡು ಕೂತರೆ ಬುಟ್ಟಿ ಖಾಲಿ. ಹುಡುಗ ಅಪ್ಪ, ಆಯಿ, ಕಾಕಾ ಎಲ್ಲರನ್ನೂ ಕೇಳಿದ್ದ. ಯಾವಾಗಲೂ ಕೊನೆಗೆ ಉಣ್ಣುವ ಅವ್ವನನ್ನು ಕೇಳಿರಲಿಲ್ಲ.

"ನಿನ್ನ ಎಣಸೂದ ಮರ್ತಿದ್ನಿ ಅವ್ವಾ," ಅಂದು, ತನ್ನ ಕೈಯಲ್ಲಿದ್ದ ರೊಟ್ಟಿ ಮುರಿದು ಅವರ ತಾಟಿಗೆ ಹಾಕಿದನಂತೆ. ಎರಡು ತುಂಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ದೊಡ್ಡದನ್ನು ಕೊಟ್ಟನಂತೆ.

"ಇದು ಅರ್ಧಾ ಆತೇನು ಅಂತ ಕೇಳಾಕ ಬಾಯಿ ತನಕಾ ಬಂದಿತ್ರಿ ಮೇಡಂ," ಅಂದರು ಅವರು. "ಕೇಳಲಿಲ್ರಿ. ಸುಮ್ನ ಉಂಡೆ."