ಆಶ್ರಮ ಬೇಡ, ಅಜ್ಜಿಗೆ ಆಸರೆ ಕೊಡಿ

ಪ್ರಶ್ನೆ: ನಮ್ಮೂರು ಮುಧೋಳ ತಾಲೂಕಿನಲ್ಲಿದೆ. ಪಕ್ಕದ ಮನೆಯ ಗಂಡ ಹೆಂಡತಿ ಇಬ್ಬರೂ ಎಚ್‌ಐವಿಯಿಂದ ತೀರಿಕೊಂಡರು. 14 ವರ್ಷದ ಮಗಳು, 8 ವರ್ಷದ ಮಗ ತಂದೆಯ ತಾಯಿಯ ಜೊತೆ ಇದ್ದಾರೆ. ಹುಡುಗನಿಗೆ ಸೋಂಕಿದೆ, ಹುಡುಗಿಗೆ ಇಲ್ಲ. ಇಬ್ಬರನ್ನೂ ಯಾವುದಾದರೂ ಆಶ್ರಮಕ್ಕೆ ಹಾಕಿಬಿಡು ಅಂತ ಊರವರು ಅಜ್ಜಿಗೆ ಹೇಳುತ್ತಿದ್ದಾರೆ. ಎರಡು ಎಕರೆ ಹೊಲವಿದೆ, ಅದನ್ನು ಮಕ್ಕಳ ಕಾಕಾ ನೋಡಿಕೊಳ್ಳುತ್ತಿದ್ದಾರೆ. ನೆರೆಯವರಾಗಿ ನಾವೇನು ಮಾಡಬಹುದು?

ಉತ್ತರ: ಆಶ್ರಮದ ಮಾತು ಬಿಡಿ. ಅಜ್ಜಿ ಇದ್ದಾರೆ, ಮಕ್ಕಳಿಗೂ ಅಲ್ಲೇ ಇರುವ ಮನಸ್ಸಿದೆ ಅಂದರೆ ಅದೇ ಅವರ ಮನೆ. 2015ರ ಬಾಲನ್ಯಾಯ ಕಾಯ್ದೆ ಕೂಡ ಸಂಸ್ಥೆಗೆ ಸೇರಿಸುವುದನ್ನು ಕೊನೆಯ ದಾರಿ ಅಂತಲೇ ಹೇಳುತ್ತದೆ. ಅದೂ ಅಲ್ಲದೆ ದೊಡ್ಡ ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಬಾಲಮಂದಿರಗಳು. ಅಪ್ಪ ಅಮ್ಮನನ್ನು ಕಳೆದುಕೊಂಡವರು ಅಕ್ಕ ತಮ್ಮ ಅನ್ನೋದನ್ನೂ ಕಳೆದುಕೊಳ್ಳಬೇಕಾ?

ಮೊದಲು ದುಡ್ಡಿನ ದಾರಿ ನೋಡಿ. ಮಿಷನ್ ವಾತ್ಸಲ್ಯ ಅಂತ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಇದೆ, ಅದರ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು ಇದಕ್ಕೆ ಬರುತ್ತಾರೆ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಬೇಕು. ಸೋಂಕಿಲ್ಲದ ಅಕ್ಕನಿಗೂ ಅರ್ಜಿ ಹಾಕಿ. ಅವಳಿಗೇನಾಗಿದೆ ಅಂತ ಅವಳನ್ನು ಬಿಟ್ಟುಬಿಡುವವರೇ ಜಾಸ್ತಿ.

ಅರ್ಜಿ ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಮರಣ ಪ್ರಮಾಣಪತ್ರದಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪತ್ರ ಮಿರಜದಿಂದಲೇ ಬರಬೇಕು. ನೋಂದಣಿಯೇ ಆಗದೆ ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಈ ಓಡಾಟ ಅಜ್ಜಿಯಿಂದ ಆಗುವುದಿಲ್ಲ. ಬೈಕ್ ಇರುವ ನಿಮ್ಮಿಂದ ಆಗುತ್ತದೆ.

ಇನ್ನು ಹೊಲ. ತಂದೆಯ ಪಾಲು ಮಗ, ಮಗಳು ಇಬ್ಬರಿಗೂ ಸಮವಾಗಿ ಬರುತ್ತದೆ. ಹಿಂದೂ ವಾರಸಾ ಕಾಯ್ದೆಯ ಪ್ರಕಾರ ಸತ್ತವನ ತಾಯಿಗೂ ಪಾಲಿದೆ. ಅಂದರೆ ಉತಾರದಲ್ಲಿ (ಪಹಣಿಯಲ್ಲಿ) ಮೂವರ ಹೆಸರೂ ಬರಬೇಕು. ವಾರಸಾ ಹಚ್ಚಲು ಇವತ್ತೇ ಗ್ರಾಮ ಆಡಳಿತಾಧಿಕಾರಿಯನ್ನು ಕಾಣಿ. ಕಾಕಾ ಉಳುಮೆ ಮಾಡಲಿ, ಅದಕ್ಕಾಗಿ ಜಗಳ ಬೇಡ. ಆದರೆ ಮಕ್ಕಳ ಪಾಲನ್ನು ಮಾರುವ ಅಧಿಕಾರ ಅವರಿಗಿಲ್ಲ. ಕಬ್ಬು ಹಾಕಿದ್ದರೆ ಫ್ಯಾಕ್ಟರಿ ಬಿಲ್ಲು ಯಾರ ಖಾತೆಗೆ ಬೀಳುತ್ತಿದೆ ಅನ್ನೋದನ್ನು ನೋಡಿ, ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ತಕರಾರು ಬಂದರೆ ಕೋರ್ಟ್ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೂ ಮಕ್ಕಳಿಗೂ ವಕೀಲರ ನೆರವು ಪುಕ್ಕಟೆ, ಆದಾಯ ಕೇಳುವುದಿಲ್ಲ. ಫೋನ್ 15100.

2017ರ ಎಚ್‌ಐವಿ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಇಂಥ ಮನೆಯನ್ನು ನಡೆಸುತ್ತಿರುವ, 12 ತುಂಬಿದ, ತಿಳಿವಳಿಕೆ ಇರುವ ಅಕ್ಕ ಅಥವಾ ಅಣ್ಣ ಚಿಕ್ಕವರಿಗೆ ಪಾಲಕರಾಗಬಹುದು. ಶಾಲೆಗೆ ಸೇರಿಸುವುದು, ಚಿಕಿತ್ಸೆ, ಬ್ಯಾಂಕ್ ಖಾತೆ, ಆಸ್ತಿ ನೋಡಿಕೊಳ್ಳುವುದು, ಎಲ್ಲಕ್ಕೂ. ಅಜ್ಜಿ ಹಾಸಿಗೆ ಹಿಡಿದರೆ ಇದು ಕೈಗೆ ಬರುತ್ತದೆ. ಹಾಗಂತ ಹುಡುಗಿ ಮೇಲೆ ಸಂಸಾರ ಹೊರಿಸಿ ಶಾಲೆ ಬಿಡಿಸಬೇಡಿ. ‘ಅಜ್ಜಿ ಕಣ್ಣ ಮುಚ್ಚೂದರೊಳಗ ಮದುವಿ ಮಾಡಿಬಿಡೂಣು’ ಅನ್ನುವವರು ನಿಮ್ಮೂರಲ್ಲೂ ಇರುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಹುಡುಗನ ಗುಳಿಗೆ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರದಲ್ಲಿ, ಪುಕ್ಕಟೆ. ಅಲ್ಲಿಗೆ ಕರೆದುಕೊಂಡು ಹೋಗುವ ದಿನ ಅಜ್ಜಿಗೆ ಜ್ವರ ಬಂದರೆ ಯಾರು ಹೋಗುತ್ತಾರೆ? ಅದನ್ನು ಈಗಲೇ ಅಜ್ಜಿ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಶಿಕ್ಷಕಿ. ಒಬ್ಬ ವಿದ್ಯಾರ್ಥಿಗೆ ಎಚ್‌ಐವಿ ಇದೆ ಅಂತ ಹೇಗೋ ಸುದ್ದಿಯಾಗಿದೆ. ಬಿಸಿಯೂಟಕ್ಕೆ ಅವನನ್ನು ಬೇರೆ ಕೂರಿಸಿ, ಇಲ್ಲದಿದ್ದರೆ ನಮ್ಮ ಮಕ್ಕಳನ್ನು ಕಳಿಸುವುದಿಲ್ಲ ಅಂತ ಪಾಲಕರು ಪಟ್ಟು ಹಿಡಿದಿದ್ದಾರೆ.

ಉತ್ತರ: ಕೂರಿಸಬೇಡಿ. ಒಂದು ದಿನಕ್ಕೂ ಬೇಡ. ತಟ್ಟೆ, ನೀರಿನ ಲೋಟ, ಒಂದೇ ಬೆಂಚು, ಕಬಡ್ಡಿಯ ಬೆವರು, ಸೊಳ್ಳೆ, ಯಾವುದರಿಂದಲೂ ಎಚ್‌ಐವಿ ಹರಡುವುದಿಲ್ಲ. ಎಚ್‌ಐವಿ ಕಾರಣಕ್ಕೆ ಶಾಲೆಯಲ್ಲಿ ಭೇದ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಇಂಥವರ ಮೇಲೆ ದ್ವೇಷ ಹಬ್ಬಿಸಿದರೆ 3 ತಿಂಗಳಿಂದ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ.

ಆದರೆ ಪಾಲಕರ ಸಭೆಯಲ್ಲಿ ಕಾಯ್ದೆಯ ಸೆಕ್ಷನ್ ಓದಿದರೆ ಕೆಲಸ ಕೆಡುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆಸಿ, ಎಲ್ಲ ಕಾಯಿಲೆಗಳ ಬಗ್ಗೆ ಮಾತಾಡಿಸಿ. ಆ ಹುಡುಗನ ಹೆಸರು ಬರಲೇಬಾರದು. ‘ಅವನಿಗೆ ಐತೋ ಇಲ್ಲೋ ಹೇಳ್ರಿ ಟೀಚರ್’ ಅಂತ ಕೇಳಿದರೆ, ಯಾವ ಮಗುವಿನ ಆರೋಗ್ಯದ ವಿಷಯವನ್ನೂ ಶಾಲೆ ಹೇಳುವುದಿಲ್ಲ ಅಂತಷ್ಟೇ ಅನ್ನಿ. ‘ಇಲ್ಲ’ ಅನ್ನಲೂ ಹೋಗಬೇಡಿ. ಯಾರಿಗೇ ಗಾಯವಾಗಿ ರಕ್ತ ಬಂದರೂ ಕೈಗವಸು ಹಾಕಿಕೊಂಡೇ ಒರೆಸುವುದು ರೂಢಿಯಾಗಲಿ. ಆಗ ಯಾರಿಗೆ ಏನಿದೆ ಅಂತ ತಿಳಿಯುವ ಜರೂರೇ ಇರುವುದಿಲ್ಲ. ಆ ಸಭೆಯ ದಿನ ನೀವು ಮಕ್ಕಳ ಸಾಲಿನಲ್ಲೇ ಕೂತು ಊಟ ಮಾಡಿ.

ಪ್ರಶ್ನೆ: ನಾವು ಬೆಳಗಾವಿಯ ಗಣೇಶ ಮಂಡಳದವರು. ಈ ಸಲ ಉಳಿದ ಹಣದಲ್ಲಿ ಎಚ್‌ಐವಿ ಪೀಡಿತ ಮಕ್ಕಳಿಗೆ ವೇದಿಕೆ ಮೇಲೆ ಬ್ಯಾಗು, ಪುಸ್ತಕ ಹಂಚಬೇಕು ಅಂತಿದ್ದೇವೆ. ಪಟ್ಟಿ ಎಲ್ಲಿ ಸಿಗುತ್ತದೆ?

ಉತ್ತರ: ಪಟ್ಟಿ ಸಿಗುವುದಿಲ್ಲ, ಸಿಗಲೂಬಾರದು. ಯಾರಾದರೂ ಕೊಟ್ಟರೆ ಅವರೇ ಕಾನೂನು ಮುರಿದ ಹಾಗೆ. ನಿಮ್ಮ ಮನಸ್ಸು ದೊಡ್ಡದು, ಒಪ್ಪುತ್ತೇನೆ. ಆದರೆ ಆ ಫೋಟೊ ಸಂಜೆಯೊಳಗೆ ಓಣಿಯ ವಾಟ್ಸಾಪ್ ಗುಂಪಿಗೆ ಬರುತ್ತದೆ. ಬ್ಯಾಗು ಒಂದು ವರ್ಷ ಬಾಳುತ್ತದೆ, ಫೋಟೊ ಆ ಹುಡುಗಿಯ ಮದುವೆ ಮಾತುಕತೆವರೆಗೂ ಬಾಳುತ್ತದೆ. ನಿಮ್ಮ ಓಣಿಯಲ್ಲಿ ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆಲ್ಲ ಕೊಡಿ. ಯಾಕೆ ಸತ್ತರು ಅಂತ ಕೇಳಬೇಡಿ. ಬ್ಯಾಗಿಗಿಂತ ವರ್ಷಪೂರ್ತಿ ದಿನಾ ಒಂದು ಮೊಟ್ಟೆ, ಕಿರಾಣಿ ಅಂಗಡಿಯ ಬಾಕಿ, ಬಸ್ ಚಾರ್ಜು, ಇವೇ ಹೆಚ್ಚು ಉಪಯೋಗ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂಬತ್ತು ವರ್ಷ. ‘ಅಜ್ಜೀ, ನಾ ಒಬ್ಬನ ಯಾಕ ದಿನಾ ಗುಳಿಗಿ ತಗೋಬೇಕು?’ ಅಂತ ಕೇಳುತ್ತಾನೆ. ಶಕ್ತಿ ಗುಳಿಗಿ ಅಂತ ಹೇಳಿದ್ದೇನೆ. (ವಿಜಯಪುರ)

ಉತ್ತರ: ಇನ್ನು ಮುಂದೆ ಆ ಮಾತು ಬೇಡ, ಅಜ್ಜಿ. ‘ನಾ ಗಟ್ಟಿ ಅದೀನಿ, ಶಕ್ತಿ ಗುಳಿಗಿ ಸಾಕು’ ಅಂತ ಹದಿನೈದನೇ ವಯಸ್ಸಿಗೆ ಬಿಟ್ಟುಬಿಟ್ಟಾನು. ‘ನಿನ್ನ ರಕ್ತದಾಗ ಒಂದು ರೋಗಾಣು ಐತಿ. ಗುಳಿಗಿ ತಗೊಂಡರ ಅದು ಮಲಗಿರತೈತಿ, ಬಿಟ್ಟರ ಏಳತೈತಿ’ ಅಂತ ಹೇಳಿ. ಸದ್ಯಕ್ಕೆ ಅಷ್ಟು ಸಾಕು. ಕಾಯಿಲೆಯ ಹೆಸರನ್ನು ಹನ್ನೆರಡರ ಒಳಗೆ ಹೇಳಬೇಕು. ಆ ಮಾತನ್ನು ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಎದುರು ಆಡುವುದು ಒಳ್ಳೆಯದು. ಮುಂದಿನ ಸಲ ಗುಳಿಗೆಗೆ ಹೋದಾಗಲೇ ಅವರನ್ನು ಕೇಳಿ, ನಡುವೆ ಏನಾದರೂ ಬೇಕಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ.